ಹೊರಗೋಡೆಗೆ ಹೊಡೆದ ಮೊಳೆ

ಹನ್ನೊಂದು ಬಾಡಿಗೆ ಮನೆಗಳನ್ನು ನೀರು ಕುಡಿದಷ್ಟು ಸಲೀಸಾಗಿ ಬದಲಾಯಿಸಿದ ಶೂರ ನಾನು. ಹನ್ನೊಂದು ಮಾಲೀಕರೂ ಹೇಳಿದ್ದು ಒಂದೇ ಮಾತು: "ಗೋಡೆಗೆ ಮೊಳೆ ಹೊಡೀಬೇಡಿ." ಕೇಳಿ ಕೇಳಿ ತಲೆ ಕೆಟ್ಟು, ಸ್ವಂತ ಮನೆಯನ್ನೇ ಕೊಳ್ಳುವುದೆಂದು ನಾನೂ ನನ್ನವಳೂ ಪಣ ತೊಟ್ಟೆವು. ನಾಲ್ಕನೇ ಮಹಡಿಯ ಹೊಸ ಮನೆಯೊಂದನ್ನು ನೋಡಲು ಹೋದಾಗ ನನ್ನ ಚೀಲದಲ್ಲಿ ಸುತ್ತಿಗೆ, ಮೊಳೆ ಎರಡೂ ಇದ್ದವು. ಮನೆಯನ್ನು ಹೀಗೆ ಪರೀಕ್ಷಿಸಿದ ಗಿರಾಕಿ ಭೂಲೋಕದಲ್ಲಿ ನಾನೊಬ್ಬನೇ.

"ಸಾರ್, ಇನ್ನೂ ಅಡ್ವಾನ್ಸೇ ಕೊಟ್ಟಿಲ್ಲ!" ದಲ್ಲಾಳಿ ಬಾಯಿ ಬಾಯಿ ಬಡಿದುಕೊಂಡ.

"ತಗೊಳ್ಳೋನು ನಾನು ಕಣಯ್ಯಾ, ಸುಮ್ನಿರು," ಎಂದು ನಡುಮನೆಯ ಗೋಡೆಗೆ ಮೊಳೆಯಿಟ್ಟು ಸಿಡಿಲಿನಂಥ ಮೂರು ಏಟು ಹಾಕಿದೆ.

ಗೋಡೆಯ ಆ ಕಡೆಯಿಂದ ಯಾರೋ ಮೂರು ಸಲ ತಟ್ಟಿದರು.

"ಪಕ್ಕದ ಮನೆಯವರದ್ದು ಈಗ್ಲೇ ತಕರಾರಾ?" ನನ್ನ ಮೈ ಉರಿಯಿತು.

"ಆ ಕಡೆ ಮನೆ ಇಲ್ಲ ಸಾರ್. ಬಾಲ್ಕನಿನೂ ಇಲ್ಲ. ಬರೀ ಗಾಳಿ."

ಇದನ್ನು ಮಾತ್ರ ಗುಲಗಂಜಿಯಷ್ಟೂ ಹೆಚ್ಚಿಸಿ ಹೇಳುತ್ತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಹೆಂಚಿನಂತೆ ಕಾದಿತ್ತು, ಮೊಳೆ ಮಂಜುಗಡ್ಡೆಯಾಗಿತ್ತು. ಹಿಂದಿನಿಂದ ಯಾರೋ ಬೆರಳಲ್ಲಿ ನೂಕಿದ ಹಾಗೆ ಅದು ಮೆಲ್ಲಗೆ ಹೊರಬಂದು ನನ್ನ ಕಾಲ ಬಳಿ ಬಿತ್ತು. ಹತ್ತು ದೆವ್ವಗಳನ್ನು ಒಂದೇ ಕೈಯಲ್ಲಿ ಹಿಡಿಯಬಲ್ಲ ನಾನು ಸುತ್ತಿಗೆಯನ್ನು ತೆಪ್ಪಗೆ ಚೀಲಕ್ಕೆ ಹಾಕಿಕೊಂಡೆ.

"ನಡೀರಿ," ಎಂದಳು ನನ್ನವಳು. "ಬಾಡಿಗೆ ಮನೇನೇ ವಾಸಿ. ಅಲ್ಲಿ ಬೈಯೋ ಓನರ್ರು ಕಣ್ಣಿಗಾದ್ರೂ ಕಾಣ್ತಾರೆ."

ಕೆಳಗಿಳಿದು ಬೀದಿಯಿಂದ ತಲೆಯೆತ್ತಿ ನೋಡಿದೆವು. ಕಾಗೆ ಕೂರಲೂ ಜಾಗವಿಲ್ಲದ ನುಣ್ಣನೆಯ ಗೋಡೆ. ನಾಲ್ಕನೇ ಮಹಡಿಯ ಎತ್ತರದಲ್ಲಿ ಮೂರು ಕಡೆ ಹೊಸ ಬಣ್ಣ ಕಿತ್ತುಬಂದಿತ್ತು. ಅದರ ಪುಡಿ ಇನ್ನೂ ಉದುರುತ್ತಿತ್ತು.