ಬೇಬಿ ಎಂದು ಕರೆಯಲಾರದವನು

ಹೋಟೆಲಿನ ಸರ್ವಿಸ್ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಮೆಕ್ಯಾನಿಕ್ ಟೂಲ್ ಬ್ಯಾಗ್ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ, ರೂಮು ಗುಡಿಸುವ ಹೆಂಗಸೊಬ್ಬಳು ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

“ಬೇಗ ನೋಡಿ ಸಾರ್. ಬೇಬಿ ಒಳಗಡೆ ಸಿಕ್ಕಾಕ್ಕೊಂಡಿದಾಳೆ. ಒಬ್ಬಳೇ ಇದಾಳೆ.”

ಅವನು ಬ್ಯಾಗನ್ನು ಅಲ್ಲೇ ಬಿಟ್ಟ. ನೆಲಕ್ಕೆ ಮಂಡಿಯೂರಿ, ಬಾಗಿಲ ಸಂದಿಗೆ ಬಾಯಿ ಹಚ್ಚಿದ.

“ಪುಟ್ಟಾ, ಹೆದರ್ಕೋಬೇಡ. ಮಾಮ ಬಂದಿದೀನಿ. ಈಗ ಬಾಗಿಲು ತೆಗೆದುಬಿಡ್ತೀನಿ, ಅಳಬಾರದು, ಆಯ್ತಾ?”

ಅವನು ಬಾಗಿಲನ್ನು ಬೆರಳಿಂದ ಮೆಲ್ಲಗೆ ತಟ್ಟಿದ.

“ಜಾಣೆ ಅಲ್ವಾ ನೀನು? ಎಲ್ಲಿ, ಕಾಗೆ ಹೇಗೆ ಕೂಗುತ್ತೆ ಹೇಳು ನೋಡೋಣ.”

ಒಳಗಿಂದ ಒಂದು ಗಂಭೀರವಾದ, ದಪ್ಪ ದನಿ ಬಂತು. “ಕಾ. ಕಾ.” ಆಮೇಲೆ ಅದೇ ದನಿ ಕೇಳಿತು, “ಬೆಕ್ಕಿನ ಥರಾನೂ ಕೂಗ್ಬೇಕಾ, ಇಲ್ಲಾ ಬಾಗಿಲು ತೆಗೀತೀರಾ?”

ಬಾಗಿಲು ತೆರೆದಾಗ, ಒಗೆದ ಬೆಡ್‌ಶೀಟುಗಳ ರಾಶಿಯ ಮೇಲೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕುಳಿತಿದ್ದಳು. ಕನ್ನಡಕ ತಲೆಯ ಮೇಲಿತ್ತು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವನು ಅವಳ ಬೆನ್ನ ಹಿಂದೆ ಇಣುಕಿದ.

“ಮಗು ಎಲ್ಲಿ?”

“ನಾನೇ ಆ ಮಗು. ಲಾಂಡ್ರಿ ಸೂಪರ್‌ವೈಸರ್.”

ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮಾತ್ರ ಬೆಡ್‌ಶೀಟುಗಳ ಗಾಡಿ ತಳ್ಳಿಕೊಂಡು ಹೋಗುತ್ತ, ತಿರುವಿನಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡಿದಳು. ತುಟಿ ಬಿಗಿಹಿಡಿದಿದ್ದಳು. ನಗು ಕಣ್ಣಿನಿಂದ ಇಣುಕಿತ್ತು.

ಅಂದಿನಿಂದ ಆ ಲಿಫ್ಟ್ ಪದೇ ಪದೇ ಕೆಡತೊಡಗಿತು. ಕೆಡದಿದ್ದರೂ ಅವನು ಬಂದು ನೋಡುತ್ತಿದ್ದ. ನೋಡಿದ ಮೇಲೆ ಕೈಗೆ ಹತ್ತಿದ ಗ್ರೀಸ್ ತೊಳೆಯಲು ಲಾಂಡ್ರಿಯ ನಲ್ಲಿಯೇ ಬೇಕಾಗುತ್ತಿತ್ತು. ಇಸ್ತ್ರಿಯ ಹಬೆ, ಬಿಸಿ ಬಟ್ಟೆಯ ವಾಸನೆ, ಗೋಡೆಯುದ್ದಕ್ಕೂ ಪೇರಿಸಿಟ್ಟ ಬಿಳಿ ಟವೆಲುಗಳು. ಅವುಗಳ ನಡುವೆ ಒಂದು ಸ್ಟೂಲು. ಬೇಬಿ ಚಹಾ ಕೊಡುತ್ತಿದ್ದಳು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ನೋಡುತ್ತಿಲ್ಲವೆಂದುಕೊಂಡಾಗ ಅವಳನ್ನು ನೋಡುತ್ತಿದ್ದ. ಅವಳು ಟವೆಲು ಮಡಚುತ್ತ, ತಲೆಯೆತ್ತದೆಯೇ, “ಚಹಾ ಕಪ್ಪಿನಲ್ಲಿದೆ ರೀ” ಎನ್ನುತ್ತಿದ್ದಳು.

ಅವನ ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಮದುವೆಯಾಗಿ ಅದೇ ಊರಲ್ಲಿದ್ದಳು. ಬೇಬಿಗೆ ಮದುವೆಯಾಗಿರಲಿಲ್ಲ.

“ಒಂದು ಸಂಬಂಧ ಕೂಡಿಬಂದಿತ್ತು,” ಎಂದು ಒಂದು ಮಧ್ಯಾಹ್ನ ಅವಳೇ ಹೇಳಿದಳು. “ಹೆಸರು ಬದಲಾಯಿಸ್ಕೋಬೇಕು ಅಂದ್ರು. ನಾನೂ ಹೂಂ ಅಂದೆ. ಆದ್ರೆ ಹುಡುಗನ ಅಕ್ಕ ತಂಗಿಯರು ನಗೋದು ನಿಲ್ಲಿಸ್ಲೇ ಇಲ್ಲ. ಕೊನೆಗೆ ನಮ್ಮಪ್ಪನೇ ಬೇಡ ಅಂದ್ಬಿಟ್ರು.”

“ಅಷ್ಟಕ್ಕೂ ಆ ಹೆಸರು ಇಟ್ಟಿದ್ಯಾರು?”

“ಯಾರೂ ಇಡ್ಲಿಲ್ಲ. ಅಮ್ಮನಿಗೊಂದು ಹೆಸರು ಇಷ್ಟ, ಅಪ್ಪನಿಗೊಂದು. ಜಗಳ ಮುಗಿಯೋವರೆಗೂ ಬೇಬಿ ಅಂತಿರಲಿ ಅಂದ್ಕೊಂಡ್ರಂತೆ. ಇಬ್ರೂ ಹೋದ್ರು, ಜಗಳ ಮುಗೀಲಿಲ್ಲ.” ಅವಳು ಟವೆಲಿನ ಅಂಚು ನೀವಿದಳು. “ಚಿಕ್ಕೋಳಿದ್ದಾಗ ಚೆನ್ನಾಗಿತ್ತು. ಈಗ ಕೆಲಸದೋರನ್ನ ಬೈದ್ರೂ, ಬೇಬಿ ಬೈದ್ರು ಅಂತ ಹೇಳಿದ್ರೆ ಕೇಳಿದೋರು ನಗ್ತಾರೆ. ನಾಳೆ ಎಪ್ಪತ್ತಾಗುತ್ತೆ. ಕೋಲೂರಿಕೊಂಡು ಹೋಗೋ ಬೇಬಿ.”

“ಹಲ್ಲೆಲ್ಲ ಬಿದ್ದ ಮೇಲೆ ಮತ್ತೆ ಸರಿಹೋಗುತ್ತೆ ಬಿಡಿ,” ಎಂದ ಅವನು.

ಅವಳು ಒದ್ದೆ ಟವೆಲನ್ನು ಅವನತ್ತ ಎಸೆದಳು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಗೆ ನಗದೆ ಎಷ್ಟು ಕಾಲವಾಗಿತ್ತೆಂದು ಇಬ್ಬರಿಗೂ ನೆನಪಿರಲಿಲ್ಲ.

ಒಂದು ವಿಷಯ ಮಾತ್ರ ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ರೀ’ ಎನ್ನುತ್ತಿದ್ದ, ‘ಮೇಡಂ’ ಎನ್ನುತ್ತಿದ್ದ. ಫೋನಿನಲ್ಲಾದರೆ, “ನಾನು, ಲಿಫ್ಟು” ಎಂದು ತನ್ನ ಗುರುತು ಹೇಳಿ ಸುಮ್ಮನಾಗುತ್ತಿದ್ದ. ಮದುವೆಯ ಮಾತು ಎತ್ತಿದ ದಿನವೂ ಅಷ್ಟೇ. ಟೂಲ್ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ತೆರೆಯುತ್ತ, “ನಮ್ಮನೇಲಿ ಒಂದು ಕುರ್ಚಿ ಖಾಲಿ ಇದೆ. ನೀವು ಬಂದ್ರೆ ಚೆನ್ನಾಗಿರುತ್ತೆ” ಎಂದಿದ್ದ. ಅವಳು ನಕ್ಕು, “ಕುರ್ಚಿಗಾಗಿ ಬರಬೇಕಾ?” ಎಂದಿದ್ದಳು. ಆ ಜಿಪ್ಪು ಅವತ್ತೇ ಕಿತ್ತುಬಂತು.

ಮಗಳು ಇಬ್ಬರನ್ನೂ ಊಟಕ್ಕೆ ಕರೆದಳು. ಮಗಳು ದಂತವೈದ್ಯೆ, ಚುರುಕು ಮಾತಿನವಳು. ಆಗಷ್ಟೇ ಬಸುರಿಯಾಗಿದ್ದಳು. ಬೇಬಿಯನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂರಿಸಿಕೊಂಡಳು. ಬಡಿಸುತ್ತ ಹೆಸರು ಕೇಳಿದಳು. ಬೇಬಿ ಹೇಳಿದಳು.

ಅಳಿಯ ನೀರು ಕುಡಿಯುತ್ತಿದ್ದವನು ಕೆಮ್ಮಿದ. ಮಗಳಿಗೆ ನಗು ತಡೆಯಲಾಗಲಿಲ್ಲ.

“ಸಾರಿ ಆಂಟಿ, ತಪ್ಪು ತಿಳ್ಕೋಬೇಡಿ. ಅಪ್ಪ, ನೀನು ಆಂಟೀನ ಬೇಬಿ, ಬೇಬಿ ಅಂತ ಕರೀತೀಯಾ? ನಿನ್ನನ್ನ ಹಾಗೆ ಊಹಿಸ್ಕೊಳ್ಳೋಕೇ ಆಗ್ತಿಲ್ಲ.”

ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಬೇಬಿ ಕೂಡ ನಗಲು ಸಿದ್ಧಳಾಗಿಯೇ ಇದ್ದಳು. ಅಷ್ಟರಲ್ಲಿ ಅವನು ತಟ್ಟೆಯಿಂದ ಕಣ್ಣೆತ್ತದೆ ಹೇಳಿದ, “ಛೆ, ನಾನ್ಯಾವತ್ತೂ ಹಾಗೆ ಕರೆದಿಲ್ಲ.”

ಅವಳು ಉಳಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಹೊರಗೆ ಬಂದಾಗ ಬೀದಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಬಸ್ ಸ್ಟಾಪಿನಲ್ಲಿ ಅವಳು ನಿಂತಳು.

“ಒಂದ್ಸಲ ಕರೀರಿ.”

“ಏನು?”

“ನನ್ನ ಹೆಸರು. ಇಲ್ಲಿ ಯಾರೂ ಇಲ್ಲ. ಒಂದೇ ಸಲ.”

ಅವನು ಬಾಯಿ ತೆರೆದ. ತುಟಿ ಕೂಡಿತು. ಅವನ ಜನ್ಮದಲ್ಲಿ ಯಾವ ಹೆಣ್ಣಿಗೂ ಅವನು ಮುದ್ದಿನ ಮಾತು ಆಡಿದವನಲ್ಲ. ಬೇರೆಯವರ ಬಾಯಲ್ಲಿ ಅದು ಬರೀ ಹೆಸರು. ತನ್ನ ಬಾಯಲ್ಲಿ ಮಾತ್ರ ಅದು ಮನಸ್ಸನ್ನೆಲ್ಲ ಬೀದಿಯಲ್ಲಿ ಬಿಚ್ಚಿಟ್ಟಂತೆ ಅನ್ನಿಸುತ್ತಿತ್ತು. ಅದನ್ನಾದರೂ ಹೇಳಬಹುದಿತ್ತು. ಅದೂ ಆಗಲಿಲ್ಲ.

“ನಡೀರಿ, ಬಸ್ ಬಂತು,” ಎಂದ.

“ಊರೆಲ್ಲ ನಕ್ಕರೂ ತಡ್ಕೊಂಡಿದೀನಿ,” ಎಂದಳು ಬೇಬಿ. “ಮನೇಲಿ ಇರೋರೇ ನನ್ನ ಹೆಸರಿಗೆ ನಾಚಿಕೆಪಟ್ಟರೆ ಆಗಲ್ಲ ರೀ. ಆ ಕುರ್ಚಿ ಖಾಲಿನೇ ಇರಲಿ.”

ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು. ಅವನು ಓಡಲಿಲ್ಲ, ಕೂಗಲಿಲ್ಲ. ಕೂಗಬೇಕಾದರೆ ಹೆಸರು ಬೇಕಿತ್ತು.

ಮುಂದಿನ ತಿಂಗಳು ಲಿಫ್ಟ್ ನೋಡಲು ಬೇರೊಬ್ಬ ಮೆಕ್ಯಾನಿಕ್ ಬಂದ. ಬೇಬಿ ಸ್ಟೂಲನ್ನು ಎತ್ತಿ ಒಳಗಿಟ್ಟಳು. ಎರಡು ಸಲ ಫೋನು ಬಂತು. ಎರಡೂ ಸಲ ಆ ಕಡೆ ಬರೀ ಉಸಿರು. ಅವಳು ಸ್ವಲ್ಪ ಕಾದು ಇಟ್ಟುಬಿಟ್ಟಳು. ಮೂರನೆಯ ಸಲ ಬಂದರೆ ತಾನೇ ಮಾತಾಡಬೇಕೆಂದು ತೀರ್ಮಾನಿಸಿದ್ದಳು. ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಮಗಳು ಲಾಂಡ್ರಿಗೆ ಬಂದಳು. ತುಂಬು ಬಸುರಿ, ಒಂದು ಕೈ ಸೊಂಟದ ಮೇಲೆ. ಮುಖ ಬಾಡಿತ್ತು.

“ಅಪ್ಪನಿಗೆ ಸ್ಟ್ರೋಕ್ ಆಗಿದೆ ಆಂಟಿ. ಬಲಗೈ, ಬಲಗಾಲು ಬಿದ್ದುಹೋಗಿದೆ. ಮಾತೂ ಹೋಗಿದೆ.” ಅವಳು ತುಟಿ ಕಚ್ಚಿಕೊಂಡಳು. “ಒಂದೇ ಒಂದು ಮಾತು ಉಳಿದಿದೆ. ದಿನವೆಲ್ಲ ಅದನ್ನೇ ಹೇಳ್ತಾರೆ. ನಿಮ್ಮ ಹೆಸರು.”

ಬೇಬಿ ಕೈಲಿದ್ದ ಬೆಡ್‌ಶೀಟನ್ನು ಮಡಚಿ ಮುಗಿಸಿದಳು. ಮುಗಿಸಿ, ಮತ್ತೆ ಬಿಚ್ಚಿದಳು. ಆಮೇಲೆ ಬೀಗದ ಕೈ ಗೊಂಚಲನ್ನು ಪಕ್ಕದವಳಿಗೆ ಕೊಟ್ಟು ಹೊರಟಳು.

ಅವನು ಮಗಳ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಗಡ್ಡ ಬೆಳ್ಳಗಾಗಿತ್ತು. ಅವಳನ್ನು ಕಂಡೊಡನೆ ಬಾಯಿಯ ಒಂದು ಬದಿ ನಡುಗಿತು.

“ಬೇಬಿ,” ಎಂದ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಷ್ಟು ದಿನ ಕಾದ ಮಾತು ಇಷ್ಟು ಸುಲಭವಾಗಿ ಬಂದುಬಿಟ್ಟಿತ್ತು. ಅವಳು ಹತ್ತಿರ ಹೋಗುವಷ್ಟರಲ್ಲಿ ಅವನು ಎಡಗೈಯಿಂದ ನೀರಿನ ಲೋಟ ತೋರಿಸಿ ಮತ್ತೆ ಹೇಳಿದ, “ಬೇಬಿ.” ಕಿಟಕಿ ತೋರಿಸಿ, “ಬೇಬಿ.” ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಪರದೆ ಎಳೆಯಬೇಕಿತ್ತು, ಅಷ್ಟೇ.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಒಳ್ಳೆಯವಳು. ಬೇಬಿಯನ್ನು ಹೊರಗೆ ಕರೆದು ಮೆಲ್ಲಗೆ ತಿಳಿಸಿದಳು. “ಹೀಗೆ ಒಂದೇ ಶಬ್ದ ಉಳ್ಕೊಳ್ಳೋದು ಉಂಟು. ತುಟಿ ಸೇರಿಸಿ ಬಿಟ್ರೆ ಸಾಕು, ಮಕ್ಕಳಿಗೂ ಮೊದಲು ಬರೋದು ಇಂಥ ಶಬ್ದಗಳೇ. ನಿಮ್ಮನ್ನೇ ಕರೀತಿದಾರೆ ಅಂದ್ಕೊಂಡು ಆಮೇಲೆ ಬೇಜಾರು ಮಾಡ್ಕೋಬೇಡಿ.”

“ಇಲ್ಲ,” ಎಂದಳು ಬೇಬಿ.

ಆದರೂ ಅವಳು ದಿನಾ ಕೆಲಸ ಮುಗಿಸಿ ಬಂದಳು. ಅವನ ಗಡ್ಡ ತೆಗೆದಳು, ಅನ್ನ ಕಲೆಸಿ ಉಣಿಸಿದಳು, ಹಾಸಿಗೆಯ ಶೀಟು ಒಂದು ಸುಕ್ಕಿಲ್ಲದಂತೆ ಹಾಸಿದಳು. ಬಾಯಾರಿದಾಗಿನ ಬೇಬಿ, ಬೆನ್ನು ನೋವಿನ ಬೇಬಿ, ಕೋಪದ ಬೇಬಿ, ಒಂದೊಂದೂ ದನಿಯಿಂದಲೇ ತಿಳಿಯತೊಡಗಿತು. ಅವುಗಳಲ್ಲಿ ತನ್ನದು ಯಾವುದೆಂದು ಮಾತ್ರ ತಿಳಿಯಲಿಲ್ಲ. ಮಗಳು ಒಂದು ದಿನ ಅಡುಗೆಮನೆಯಲ್ಲಿ ಅವಳ ಹೆಗಲಿಗೆ ಹಣೆಯಿಟ್ಟು, “ಅವತ್ತು ನಾನು ನಗಬಾರದಿತ್ತು” ಎಂದಳು. ಬೇಬಿ ಅವಳ ತಲೆ ಸವರಿದಳು. “ನೀನು ನಕ್ಕಿದ್ದಕ್ಕಲ್ಲಮ್ಮ,” ಎಂದಳು.

ಸ್ಟ್ರೋಕ್ ಎರಡನೆಯ ಸಲ ಆದರೆ ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವನು ದಿನೇ ದಿನೇ ಸೊರಗುತ್ತಿದ್ದ.

ಒಂದು ಮಧ್ಯಾಹ್ನ ಥೆರಪಿಸ್ಟ್ ಚಿತ್ರಗಳ ಕಾರ್ಡು ಹಿಡಿದು ಕುಳಿತಿದ್ದಳು. ಬೇಬಿ ಕಾಲ ಬಳಿ ಹೊದಿಕೆ ಮಡಚುತ್ತಿದ್ದಳು.

“ಇದೇನು?” ಮರ.

“ಬೇಬಿ.”

“ಇದು?” ಕೀಲಿಕೈ.

“ಬೇಬಿ.”

“ಇದು?” ನಾಯಿ.

“ಬೇಬಿ,” ಎಂದ ಅವನು, ಬೇಸತ್ತು.

ಥೆರಪಿಸ್ಟ್ ಕಾರ್ಡುಗಳನ್ನು ಕೆಳಗಿಟ್ಟಳು. ಏನನ್ನಿಸಿತೋ, ಬೇಬಿಯ ಕಡೆ ಬೆರಳು ಮಾಡಿದಳು. “ಸರಿ, ಇವರು ಯಾರು ಹೇಳಿ?”

ಅವನು ಬೇಬಿಯನ್ನು ನೋಡಿದ. ತುಟಿ ಕೂಡಿತು. ಹಾಗೇ ನಿಂತಿತು. ಥೆರಪಿಸ್ಟಿನ ಕಡೆಗೊಮ್ಮೆ, ಬೇಬಿಯ ಕಡೆಗೊಮ್ಮೆ ನೋಡಿ, ಪರರ ಮುಂದೆ ಸಿಕ್ಕಿಬಿದ್ದವನ ಹಾಗೆ ಕಣ್ಣು ಕೆಳಗಿಳಿಸಿದ. ಎಡಗೈ ಹೊದಿಕೆಯ ಅಂಚನ್ನು ಹುಡುಕಿ ಹಿಡಿದುಕೊಂಡು ಸುಮ್ಮನೆ ತಿರುಚತೊಡಗಿತು. ಚಲನೆಯುಳಿದ ಅರ್ಧ ಬಾಯಲ್ಲಿ ಒಂದು ನಾಚಿಕೆಯ ನಗು ಬಂತು.

ಥೆರಪಿಸ್ಟ್ ಕಾದಳು. “ಹೇಳಿ, ಯಾರಿವರು?”

ಅವನು ಹೇಳಲಿಲ್ಲ.

“ಪರವಾಗಿಲ್ಲ,” ಎಂದು ಅವಳು ನಿಟ್ಟುಸಿರಿಟ್ಟಳು. “ಇವತ್ತು ಇದ್ದ ಒಂದು ಮಾತೂ ಬರ್ತಿಲ್ಲ.”

“ಬಿಡಿ, ಕೇಳಬೇಡಿ,” ಎಂದಳು ಬೇಬಿ. ಹೊದಿಕೆಯಲ್ಲಿ ಮುಖ ಒರೆಸಿಕೊಂಡಳು. “ನನ್ನ ವಿಷಯದಲ್ಲಿ ಅವರು ಮೊದಲಿಂದ್ಲೂ ಹಾಗೇನೇ.”

ಅವನು ಮೊಮ್ಮಗಳನ್ನು ನೋಡಿದ, ಆದರೆ ಅವಳು ಮಗುಚಿಕೊಳ್ಳುವುದನ್ನು ನೋಡಲು ಉಳಿಯಲಿಲ್ಲ. ಬದುಕಿದ್ದಷ್ಟು ದಿನ ನೀರಿಗೂ ಬೆಳಕಿಗೂ ಹೊಸ ಕೂಸಿಗೂ ಅದೇ ಒಂದು ಹೆಸರು ಹಿಡಿದು ಕೂಗಿದ. ಬೇಬಿ ಪ್ರತಿ ಸಲವೂ ಓಗೊಟ್ಟಳು. ಆ ಪ್ರಶ್ನೆಯನ್ನು ಮಾತ್ರ ಮತ್ತೆ ಯಾರೂ ಅವನಿಗೆ ಕೇಳಲು ಅವಳು ಬಿಡಲಿಲ್ಲ.