ವಜ್ರನಖನ ಉಕ್ಕಿನ ಹಿಡಿ

ಬಲು ಹಿಂದಿನ ಮಾತು. ಏಳು ಬೆಟ್ಟಗಳ ಆಚೆ ನೀಲಗಲ್ಲು ಎಂಬ ರಾಜ್ಯವಿತ್ತು. ಬೂತರಸ ಅಲ್ಲಿಯ ದೊರೆ. ಅವನಿಗೆ ಹೊನ್ನಲೆ ಎಂಬ ಒಬ್ಬಳೇ ಮಗಳು. ರಾಣಿ ತೀರಿಕೊಂಡ ಮೇಲೆ ಅಪ್ಪನಿಗೆ ಮಗಳು, ಮಗಳಿಗೆ ಅಪ್ಪ, ಹಾಗೆ ಬದುಕಿದ್ದರು.

ಒಂದು ಸುಗ್ಗಿಯ ಹೊತ್ತಿನಲ್ಲಿ ವಜ್ರನಖನೆಂಬ ಮಾಂತ್ರಿಕ ಅಲ್ಲಿಗೆ ಬಂದ. ಬಂದವನೇ ಕೋಟೆಯ ಮುಂದಿನ ಕೆರೆಗೆ ಬಾಯಿಟ್ಟು, ಒಂದೇ ಉಸಿರಿಗೆ ನೀರನ್ನೆಲ್ಲ ಕುಡಿದ. ಮೀನುಗಳು ಕೆಸರಿನಲ್ಲಿ ಒದ್ದಾಡಿದವು. ಆಮೇಲೆ ಅವನು ಹೆಬ್ಬಾಗಿಲಿನ ಕಲ್ಲುಕಂಬಕ್ಕೆ ಸರಪಳಿ ಬಿಗಿದು ಒಂದು ಉಕ್ಕಿನ ಹಿಡಿಯನ್ನು ತೂಗುಬಿಟ್ಟ. ಗೇಣುದ್ದದ ಎರಡು ಕಾಲುಗಳು, ಅವೆರಡನ್ನೂ ಮೇಲೆ ಕೂಡಿಸುವ ಒಂದು ಉಕ್ಕಿನ ಸುರುಳಿ, ಅಷ್ಟೇ. ಅಂಗೈಯಲ್ಲಿಟ್ಟು ಹಿಸುಕಿದರೆ ಕಾಲುಗಳು ಹತ್ತಿರ ಬರಬೇಕು, ಬಿಟ್ಟರೆ ದೂರ ಸರಿಯಬೇಕು.

"ಇದರ ಎರಡು ತುದಿಗಳನ್ನು ಒಂದೇ ಕೈಯಲ್ಲಿ ಹಿಸುಕಿ ಕೂಡಿಸಿದವರಿಗೆ ನಾನು ಸೋತೆ. ಆಗದವರ ಕೈಗಳು ನನ್ನವು. ಪ್ರತಿ ಅಮಾವಾಸ್ಯೆಗೆ ಒಬ್ಬರು ಬರಬೇಕು. ಬರದಿದ್ದರೆ ನಿಮ್ಮ ಹೊಳೆಯನ್ನೂ ಕುಡಿಯುತ್ತೇನೆ," ಅಂದ.

ಮೊದಲು ಗರಡಿಯ ಜಟ್ಟಿ ಹೋದ. ಹಲ್ಲು ಕಚ್ಚಿ ಹಿಸುಕಿದ. ಹಿಡಿ ಸಿಡಿದು ತೆರೆದುಕೊಂಡಿತು. ಅವನ ಎರಡೂ ಕೈಗಳು ಮುಷ್ಟಿ ಕಟ್ಟಿಕೊಂಡವು, ಮತ್ತೆ ಬಿಚ್ಚಲಿಲ್ಲ. ಕಮ್ಮಾರ ಹೋದ, ಅವನಿಗೂ ಹಾಗೇ ಆಯಿತು. ಅಂಬಿಗ ಹೋದ, ಅವನಿಗೂ ಹಾಗೇ ಆಯಿತು. ದೋಣಿಗಳು ದಡದಲ್ಲೇ ಒಣಗಿದವು. ಹೊಸದಾಗಿ ಹುಟ್ಟಿದ ಮಗಳನ್ನು ಎತ್ತಿಕೊಳ್ಳಲಾರದೆ ಕಮ್ಮಾರ ತೊಟ್ಟಿಲ ಪಕ್ಕದಲ್ಲಿ ಕುಳಿತು ಅಳುತ್ತಿದ್ದ.

"ಇನ್ನು ಪ್ರಜೆಗಳನ್ನು ಕಳಿಸಲಾರೆ," ಎಂದು ಬೂತರಸ ತಾನೇ ಹೋದ. ತನ್ನಲ್ಲಿದ್ದ ಬಲವನ್ನೆಲ್ಲ ಹಾಕಿ ಹಿಸುಕಿದ. ಅವನ ಕೈಗಳೂ ಮುಷ್ಟಿ ಕಟ್ಟಿ ಕಲ್ಲಾದವು.

ಅಂದಿನಿಂದ ಹೊನ್ನಲೆಯೇ ಅಪ್ಪನಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಒಂದು ದಿನ ಉಣ್ಣಿಸುತ್ತಾ ಹೇಳಿದಳು, "ಅಪ್ಪಾಜಿ, ಮುಂದಿನ ಅಮಾವಾಸ್ಯೆಗೆ ನಾನು ಹೋಗುತ್ತೇನೆ."

ದೊರೆ ಬಾಯಲ್ಲಿದ್ದ ತುತ್ತು ನುಂಗಲಿಲ್ಲ. "ಜಟ್ಟಿಗೆ ಆಗದ್ದು ನಿನಗೆ ಆಗುತ್ತದೆಯೆ, ಮಗಳೇ?"

"ಗೊತ್ತಿಲ್ಲ. ಅದಕ್ಕೆ ಎಷ್ಟು ಬಲ ಬೇಕೆಂದು ಯಾರಿಗೂ ಗೊತ್ತಿಲ್ಲ. ಮೊದಲು ಅದನ್ನು ಅಳೆಯುತ್ತೇನೆ."

ಅವಳು ಕಂಬದ ಬಳಿ ಹೋಗಿ ಅಪ್ಪಣೆ ಕೇಳಿದಳು. ವಜ್ರನಖ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಳೆದುಕೋ, ತೂಗಿಕೋ, ಪೂಜೆಯನ್ನೂ ಮಾಡಿಕೋ. ಕೈಯಲ್ಲಿ ಹಿಸುಕುವವರೆಗೆ ಅದು ಬರೀ ಕಬ್ಬಿಣ!"

ಹೊನ್ನಲೆ ಮುದುಕ ಬಡಗಿ ಸಿದ್ದೋಜನನ್ನು ಕರೆತಂದಳು. ಇಬ್ಬರೂ ಸೇರಿ ಕಂಬದ ಪಕ್ಕದಲ್ಲೇ ಎರಡು ಮರದ ತುಂಡುಗಳನ್ನು ನೆಟ್ಟು, ಮೇಲೊಂದು ಅಡ್ಡತೊಲೆ ಕೂಡಿಸಿದರು. ಹಿಡಿಯ ಒಂದು ಕಾಲನ್ನು ತೊಲೆಗೆ ಬೆಣೆ ಹೊಡೆದು ಅಲುಗದಂತೆ ಬಿಗಿದರು. ಇನ್ನೊಂದು ಕಾಲು ಮೇಲೆ ಚಾಚಿಕೊಂಡಿತ್ತು. ಅದಕ್ಕೆ ತೊಗಲಿನ ಪಟ್ಟಿ ಹಾಕಿ, ಪಟ್ಟಿಗೆ ಬುಟ್ಟಿ ಕಟ್ಟಿದರು. ಬುಟ್ಟಿಗೆ ಮರಳು ಸುರಿದರೆ ಮೇಲಿನ ಕಾಲು ಕೆಳಗೆ ಬರಬೇಕು. ಎರಡು ತುದಿ ಕೂಡಿದಾಗ ಬುಟ್ಟಿಯಲ್ಲಿ ಎಷ್ಟು ಭಾರವಿದೆಯೋ ಅಷ್ಟೇ ಹಿಡಿಯ ಬಲ.

ಮೊದಲ ಸಲ ಪಟ್ಟಿ ಜಾರಿ ಬುಟ್ಟಿ ಉರುಳಿತು. ಎರಡನೆಯ ಸಲ ಪಟ್ಟಿ ಕಾಲಿನ ನಡುವಿಗೆ ಸರಿದುಬಿಟ್ಟಿತು. ಬುಟ್ಟಿ ತುಂಬಿದರೂ ತುದಿಗಳು ಕೂಡಲಿಲ್ಲ.

"ಸುರುಳಿಗೆ ಹತ್ತಿರವಾದಷ್ಟೂ ಭಾರ ಹೆಚ್ಚು ಬೇಡುತ್ತದೆ, ಅಮ್ಮಣ್ಣಿ," ಅಂದ ಸಿದ್ದೋಜ. "ಕೈಯ ಹಿಡಿತ ತುದಿಯ ಕಡೆ ಬೀಳುತ್ತದೆ. ಪಟ್ಟಿಯೂ ಅಲ್ಲೇ ನಿಲ್ಲಬೇಕು."

ಅವನು ಕಾಲಿಗೆ ಒಂದು ಮರದ ಕಟ್ಟು ತೊಡಿಸಿ ಅದರಲ್ಲಿ ಕಚ್ಚು ಕೊರೆದ. ಪಟ್ಟಿ ಅಲ್ಲಿ ಕೂತಿತು, ಕದಲಲಿಲ್ಲ. ಹೊನ್ನಲೆ ಮರಳಿನ ಚೀಲವನ್ನೆತ್ತಿ ಒಮ್ಮೆಲೇ ಸುರಿದಳು. ಹಿಡಿ ಗುಡುಗಿದಂತೆ ಸಿಡಿಯಿತು. ಬುಟ್ಟಿ ಗೋಡೆಯಾಚೆ ಹಾರಿತು, ತೊಲೆ ಸೀಳಿತು, ಸಿದ್ದೋಜನ ಹಣೆಯಲ್ಲಿ ರಕ್ತ ಬಂತು.

"ಅಜ್ಜಾ, ಸಾಕು. ನಿಮ್ಮನ್ನು ಸಾಯಿಸಲಾರೆ," ಎಂದು ಹೊನ್ನಲೆ ಅತ್ತಳು.

"ಆ ಕಮ್ಮಾರ ನನ್ನ ಮಗನೇ ತಾಯಿ, ಮುಷ್ಟಿ ಕಟ್ಟಿ ಕೂತಿದ್ದಾನೆ. ಇನ್ನೊಂದು ತೊಲೆ ತರುತ್ತೇನೆ."

ಹೊಸ ತೊಲೆ ಬಂತು. ಈ ಸಲ ಹೆದರಿಕೆಯಿಂದ ಹೊನ್ನಲೆ ಬೊಗಸೆಯ ಸಂದಿನಿಂದ ಎಳೆಎಳೆಯಾಗಿ ಮರಳು ಬಿಟ್ಟಳು. ಮೇಲಿನ ಕಾಲು ಸದ್ದಿಲ್ಲದೆ ಇಳಿಯತೊಡಗಿತು. ಇಳಿಯಿತು, ಇಳಿಯಿತು, ಕೂದಲೆಳೆಯಷ್ಟು ಸಂದು ಉಳಿಯಿತು. ಖುಷಿಯಲ್ಲಿ ಅವಳು ಒಂದು ಬೊಗಸೆ ಮರಳು ಒಮ್ಮೆಲೇ ಹಾಕಿಬಿಟ್ಟಳು. ಹಿಡಿ ಮತ್ತೆ ಸಿಡಿಯಿತು.

ಮತ್ತೆ ಕಟ್ಟಿದರು. ಮತ್ತೆ ಎಳೆಎಳೆಯಾಗಿ ಬಿಟ್ಟಳು, ಮರಳಿನ ಕೊನೆಯ ಕಾಳಿನವರೆಗೂ. ತುದಿಗಳು ಕೂಡಿದವು. ಬುಟ್ಟಿಯಲ್ಲಿ ಅರ್ಧದಷ್ಟೂ ಮರಳಿರಲಿಲ್ಲ. ಹೊನ್ನಲೆ ಆ ಬುಟ್ಟಿಯನ್ನು ಬಿಚ್ಚಿ ತನ್ನ ನಾಲ್ಕು ಬೆರಳಿಗೆ ತೂಗುಹಾಕಿಕೊಂಡಳು. ಬೆರಳು ನೊಂದವು, ಆದರೆ ತಾಳಿದವು.

ಅವಳು ಓಡಿ ಹೋಗಿ ಅಪ್ಪನಿಗೆ ಹೇಳಿದಳು. "ಅದು ಗಟ್ಟಿಯಲ್ಲ, ಅಪ್ಪಾಜಿ. ನಾವು ಎಷ್ಟು ರಭಸದಿಂದ ಹಿಸುಕುತ್ತೇವೋ ಅದರ ಎರಡರಷ್ಟು ತಿರುಗಿ ಒದೆಯುತ್ತದೆ. ನಿಧಾನಕ್ಕೆ ಮಣಿಯುತ್ತದೆ."

ದೊರೆ ತನ್ನ ಮುಷ್ಟಿಗಳನ್ನು ನೋಡಿಕೊಂಡ. "ಹಾಗಾದರೆ ನನ್ನ ಬಲವೆಲ್ಲ ಹಾಕಿದ್ದೇ ತಪ್ಪಾಯಿತೆ?"

"ನಿಮಗೆ ನಮ್ಮ ಮೇಲಿದ್ದ ಪ್ರೀತಿ ಅವಸರ ಮಾಡಿಸಿತು," ಎಂದು ಅವಳು ಆ ಕಲ್ಲುಕೈಗಳಿಗೆ ಹಣೆ ಹಚ್ಚಿದಳು.

ಅಮಾವಾಸ್ಯೆಯ ಬೆಳಗ್ಗೆ ಊರಿಗೆ ಊರೇ ಹೆಬ್ಬಾಗಿಲಿನಲ್ಲಿ ಸೇರಿತು. ಹೊನ್ನಲೆ ಹಿಡಿಯನ್ನು ಕೈಗೆತ್ತಿಕೊಂಡು, ಮರಳು ಬೀಳುವ ಹಾಗೆ, ಕಾಣದಷ್ಟು ಮೆಲ್ಲಗೆ ಹಿಸುಕತೊಡಗಿದಳು. ಹೊತ್ತು ಏರಿತು. ಕಾಲುಗಳು ಹತ್ತಿರ ಬಂದವು.

ವಜ್ರನಖನ ನಗು ನಿಂತಿತು. ಅವನು ಚಿಟಿಕೆ ಹೊಡೆದ. ಎರಡು ತಲೆಯ ಹುಲಿಯೊಂದು ನೆಲದಿಂದೆದ್ದು ಅವಳ ಕತ್ತಿನ ಮೇಲೆ ಬಿಸಿಯುಸಿರು ಬಿಟ್ಟಿತು. ಜನ ಚೀರಿದರು. ಹೊನ್ನಲೆಯ ಬೆರಳು ಅವಸರ ಮಾಡಲಿಲ್ಲ. ಹುಲಿ ಹೊಗೆಯಾಯಿತು.

ಅವನು ಮತ್ತೆ ಚಿಟಿಕೆ ಹೊಡೆದ. ಬೂತರಸ ಎಲ್ಲರೆದುರು ಮಣ್ಣಿಗೆ ಬಿದ್ದ, ಕೈಯೂರಿ ಏಳಲಾರದೆ ಹೊರಳಾಡಿದ. "ನೋಡಿ ನಿಮ್ಮ ದೊರೆಯನ್ನು!" ಎಂದು ವಜ್ರನಖ ಅಣಕಿಸಿದ. ಹೊನ್ನಲೆಗೆ ಸಿಟ್ಟು ನೆತ್ತಿಗೇರಿತು. ತುಟಿ ಕಚ್ಚಿದಳು, ತುಟಿಯಲ್ಲಿ ರಕ್ತ ಬಂತು, ಬೆರಳು ಮಾತ್ರ ಅದೇ ನಡಿಗೆಯಲ್ಲಿ ನಡೆಯಿತು. ಸಿದ್ದೋಜ ದೊರೆಯನ್ನು ತಬ್ಬಿ ಎಬ್ಬಿಸಿದ.

ಕೂದಲೆಳೆಯಷ್ಟು ಸಂದು ಉಳಿಯಿತು. ಆಗ ವಜ್ರನಖ ಅವಳ ಕಾಲಿಗೆ ಬಿದ್ದ. "ಸೋತೆ ತಾಯಿ, ಗೆದ್ದೆ ನೀನು! ಅಗೋ, ನಿಮ್ಮಪ್ಪನ ಕೈ ಬಿಚ್ಚಿತು ನೋಡು!" ಜನ ಜೈ ಎಂದು ಕೂಗಿದರು. ಹೊನ್ನಲೆಯ ಎದೆ ಹಿಗ್ಗಿತು. ಒಂದೇ ಒಂದು ಬಾರಿ ಬಿಗಿಯಾಗಿ ಹಿಸುಕಿದರೆ ಮುಗಿಯಿತು, ಅಪ್ಪನ ಬಳಿ ಓಡಬಹುದು. ಆದರೆ ತುದಿಗಳು ಇನ್ನೂ ಕೂಡಿರಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿ, ಇನ್ನೊಂದು ಕಾಳು, ಮತ್ತೊಂದು ಕಾಳು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಟಿಕ್ ಎಂದು ಸಣ್ಣ ಸದ್ದಾಯಿತು. ತುದಿಗಳು ಕೂಡಿದ್ದವು.

ಉಕ್ಕಿನ ಸುರುಳಿ ತುಕ್ಕಾಗಿ ಉದುರಿತು. ವಜ್ರನಖನ ಹತ್ತು ಉಗುರುಗಳು ಕಳಚಿ ಬಿದ್ದವು, ಅವುಗಳ ಜೊತೆಗೇ ಅವನ ಮಾಯೆಯೂ ಹೋಯಿತು. ಅವನ ಬಾಯಿಂದ ಕೆರೆಯ ನೀರೆಲ್ಲ ಭೋರ್ಗರೆದು ಬಂತು. ಆ ನೀರೇ ಅವನನ್ನು ಏಳು ಬೆಟ್ಟಗಳಾಚೆ ಕೊಚ್ಚಿಕೊಂಡು ಹೋಯಿತು. ಆಮೇಲೆ ಅವನನ್ನು ಕಂಡವರಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಜಟ್ಟಿಯ ಮುಷ್ಟಿ ಬಿಚ್ಚಿತು, ಅಂಬಿಗನದು ಬಿಚ್ಚಿತು, ಕಮ್ಮಾರನದು ಬಿಚ್ಚಿತು. ಕಮ್ಮಾರ ಯಾರನ್ನೂ ಕಾಯದೆ ಮನೆಯ ಕಡೆ ಓಡಿದ. ಈ ಸಲ ನಿಜವಾಗಿಯೇ ಬೂತರಸನ ಕೈ ಬಿಚ್ಚಿತ್ತು. ಅವನು ಮಗಳ ತಲೆ ನೇವರಿಸಿದ.

ಮುಂದೆ ಹೊನ್ನಲೆಯೇ ನೀಲಗಲ್ಲನ್ನು ಆಳಿದಳು. ಅವಳ ಆಳ್ವಿಕೆಯಲ್ಲಿ ಹೊಲಗಳು ಬೆಳೆದವು, ದೋಣಿಗಳು ತೇಲಿದವು, ಊರಿನವರೆಲ್ಲ ದುಡಿದು ಉಂಡು ನೆಮ್ಮದಿಯಾಗಿ ಬಾಳಿದರು.