ನಾಗಲಿಂಗ ಸರ್ ಕಾರಿನ ಫ್ಯೂಸ್

“ಟಾರ್ಚ್ ಸರಿ ಹಿಡಿ! ನನ್ನ ಮೂಗಿನ ಮ್ಯಾಲೆ ಯಾಕ ಹಿಡೀತಿ? ಮೂಗು ಕೆಟ್ಟಿಲ್ಲ, ಕಾರ್ ಕೆಟ್ಟೈತಿ!”

ಸ್ಟೇರಿಂಗಿನ ಕೆಳಗಿನಿಂದ ಅಪ್ಪನ ದನಿ ಬಂತು. ಅಪ್ಪನ ತಲೆ ಕಾರಿನೊಳಗೆ, ಕಾಲು ರಸ್ತೆಯ ಮೇಲೆ. ಪದ್ಮಶ್ರೀ ಟಾರ್ಚನ್ನು ಆಚೆ ಸರಿಸಿದಳು. 

ಅಪ್ಪ ನಾಗಲಿಂಗ ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತಾನು ಕರೆಂಟಿನ ಪಾಠ ಶುರು ಮಾಡಿದರೆ ಕೊನೆಯ ಬೆಂಚಿನ ಹುಡುಗರೂ ಕಣ್ಣು ಮಿಟುಕಿಸುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಬೇರೆ ಯಾರೂ ಹಾಗೆ ಹೇಳಿದ್ದನ್ನು ಪದ್ಮಶ್ರೀ ಕೇಳಿರಲಿಲ್ಲ.

ಭಾನುವಾರ ಅಜ್ಜಿಯ ಊರು ಶಿರೂರಿನಿಂದ ಬರುವಾಗ ಅಪ್ಪ ಮೊಬೈಲ್ ಚಾರ್ಜರನ್ನು ಕಾರಿನ ಸಾಕೆಟ್ಟಿಗೆ ಒತ್ತಿದ್ದ. ‘ಚಟ್’ ಎಂದಿತು. ರೇಡಿಯೋ ಬಂದ್. ಚಾರ್ಜರ್ ಬಂದ್. ಮನೆಗೆ ಬಂದು ಬಾಗಿಲು ತೆರೆದರೆ ಒಳಗಿನ ದೀಪವೂ ಬಂದ್. ಕಾರು ಮಾತ್ರ ಓಡುತ್ತಿತ್ತು.

ಈಗ ಸೋಮವಾರ ಸಂಜೆ. ಅಪ್ಪ ಯೂಟ್ಯೂಬಿನಲ್ಲಿ ಐದು ವಿಡಿಯೋ ನೋಡಿದ್ದ. ಐದರಲ್ಲಿ ಮೂರು ಬೇರೆ ಕಾರಿನವು. ಒಂದು ಟ್ರ್ಯಾಕ್ಟರಿನದು.

ಎದುರು ಮನೆಯ ತಿಮ್ಮಣ್ಣ ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. “ಸರ್, ಒಮ್ಮೆ ಜೋರಾಗಿ ಬಡದ್ ನೋಡ್ರಿ. ನಮ್ಮ ಟೀವಿ ಹಂಗ ಸರಿ ಆಗತೈತಿ.”

“ಇದು ಟೀವಿ ಅಲ್ರಿ. ಇದಕ್ಕ ಸಾಯನ್ಸ್ ಬೇಕು,” ಎಂದು ಅಪ್ಪ ಒಂದು ವೈರ್ ಎಳೆದ. ಏನೂ ಆಗಲಿಲ್ಲ. ಇನ್ನೊಂದು ಎಳೆದ. ಏಳುವಾಗ ತಲೆ ‘ಟಣ್’ ಎಂದು ಸ್ಟೇರಿಂಗಿಗೆ ಬಡಿಯಿತು. ಅಷ್ಟರಲ್ಲಿ ಅಪ್ಪನಿಗೆ ತಪ್ಪಿತಸ್ಥ ಸಿಕ್ಕಿಬಿಟ್ಟ.

“ಗ್ಯಾರೇಜಿನ ಮುರ್ತುಜಸಾಬ! ಶನಿವಾರ ಹೆಡ್‌ಲೈಟಿನ ಬಲ್ಬ್ ಹಾಕಿದವ ಅವನ! ಒಳಗಿನ ವೈರ್ ಎಲ್ಲಾ ಅವನ ಕೆಡಿಸ್ಯಾನ!”

“ಅಪ್ಪಾ, ಅವ್ರು ಒಳಗ ಕೈ ಹಾಕೇ ಇಲ್ಲಲಾ…” ಪದ್ಮಶ್ರೀಯ ದನಿ ಅರ್ಧಕ್ಕೇ ನಿಂತಿತು.

“ನಿನಗ ಏನ್ ಗೊತ್ತು?”

ಅವಳಿಗೆ ಗೊತ್ತಿತ್ತು. ಶಿರೂರಿನಲ್ಲಿ ಅಜ್ಜಿ ಚಾಕ್ಲೇಟ್ ಕೊಟ್ಟಿದ್ದಳು. ಕಾರಿನಲ್ಲಿ ತಿನ್ನಬಾರದು ಎಂಬುದು ಅಪ್ಪನ ಕಾಯ್ದೆ. ಪದ್ಮಶ್ರೀ ಮುಂದಿನ ಸೀಟಿನಲ್ಲಿ ಕೂತು ಗುಟ್ಟಾಗಿ ತಿಂದಿದ್ದಳು. ಅಪ್ಪ ಬರುವುದು ಕಂಡು ಬೆಳ್ಳಿ ಕಾಗದವನ್ನು ಅಂಗಿಯ ಗುಂಡಿಯಷ್ಟು ಸಣ್ಣಗೆ ಉಂಡೆ ಮಾಡಿ, ಕೈಗೆ ಸಿಕ್ಕ ತೂತಿಗೆ ತುರುಕಿದ್ದಳು. ಆ ತೂತೇ ಸಾಕೆಟ್ಟು.

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಮೊಬೈಲ್ ತೆರೆದಿದ್ದ. ಓಣಿಯ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹೊರಟಿತು: “ಎಲ್ಲಾ ಬಂಧುಗಳ ಗಮನಕ್ಕ. ಮುರ್ತುಜಸಾಬನ ಗ್ಯಾರೇಜಿಗೆ ಹೋಗೂವಾಗ ವಿಚಾರ ಮಾಡ್ರಿ. ಬಲ್ಬ್ ಹಾಕಾಕ ಕೊಟ್ರ ನಮ್ಮ ಗಾಡಿ ವೈರಿಂಗನ ಕೆಡಿಸಿ ಕಳಿಸ್ಯಾನ. ಇದು ಒಬ್ಬ ಸಾಯನ್ಸ್ ಟೀಚರ್ ಮಾತು.”

ಐದು ನಿಮಿಷದಲ್ಲಿ ಹನ್ನೆರಡು ಜನ ಹೆಬ್ಬೆರಳಿನ ಚಿತ್ರ ಒತ್ತಿದರು. ಅವರಲ್ಲಿ ಒಂಬತ್ತು ಜನರ ಬಳಿ ಕಾರೇ ಇರಲಿಲ್ಲ.

ಮರುದಿನ ಸಾಲೆಯಲ್ಲಿ ಶಹರಬಾನು ಬೆಂಚಿನ ನಟ್ಟನಡುವೆ ಪಾಟೀಚೀಲ ಇಟ್ಟು ಕೂತಿದ್ದಳು. ಅವಳು ಮುರ್ತುಜಸಾಬರ ಮೊಮ್ಮಗಳು. ಒಂದನೇ ಇಯತ್ತೆಯಿಂದ ಇಬ್ಬರದೂ ಒಂದೇ ಬೆಂಚು.

“ಚೀಲ ತಗಿ. ನಾ ಎಲ್ಲಿ ಕೂಡ್ಲಿ?” ಎಂದಳು ಪದ್ಮಶ್ರೀ.

“ಎಲ್ಲ್ಯರ ಕೂಡು. ನಮ್ಮಜ್ಜ ಆ ಮೆಸೇಜ್ ನಾಕ್ ಸಲ ಕೇಳ್ಯಾನ. ಮುಂಜಾನೆ ಎರಡು ಗಾಡಿ ರಿಪೇರಿಗೆ ಬರೂದಿತ್ತು. ಎರಡೂ ಬರಲಿಲ್ಲ.”

ಪದ್ಮಶ್ರೀ ಹಿಂದಿನ ಬೆಂಚಿನಲ್ಲಿ ಕೂತಳು. ಅವತ್ತು ಊಟದ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಅವಳು ಅದನ್ನು ಹಾಗೇ ಮನೆಗೆ ತಂದಳು.

ಸಂಜೆ ಮನೆಗೆ ಬಂದವಳೇ ಕಾರಿನ ಮುಂದಿನ ಸೀಟಿನ ಎದುರಿನ ಡಬ್ಬಿಯಲ್ಲಿದ್ದ ಪುಸ್ತಕ ತೆಗೆದಳು. ಕಾರಿನ ಜೊತೆಗೆ ಬಂದ ಪುಸ್ತಕ ಅದು. ಅದರ ಪ್ಲಾಸ್ಟಿಕ್ ಕವರನ್ನು ಯಾರೂ ಹರಿದಿರಲಿಲ್ಲ. ಇಂಗ್ಲಿಷಿನಲ್ಲಿತ್ತು, ಆದರೆ ಚಿತ್ರಗಳಿದ್ದವು. ಒಂದು ಪುಟದಲ್ಲಿ ರೇಡಿಯೋ, ದೀಪ, ಸಾಕೆಟ್ಟು ಮೂರರ ಚಿತ್ರವೂ ಇತ್ತು. ಮೂರಕ್ಕೂ ಒಂದೇ ಫ್ಯೂಸ್. ನಂಬರ್ ಹದಿನಾಲ್ಕು.

ಪುಸ್ತಕ ಹಿಡಿದು ಅವಳು ಅಪ್ಪನ ಮುಂದೆ ನಿಂತಳು. ಅಪ್ಪ ಆರನೇ ವಿಡಿಯೋ ನೋಡುತ್ತಿದ್ದ.

“ಅಪ್ಪಾ, ಸಾಕೆಟ್ಟಿನ್ಯಾಗ ಚಾಕ್ಲೇಟಿನ ಕಾಗದ ಐತಿ. ನಾನ ತುರುಕೇನಿ. ನೀ ಚಾರ್ಜರ್ ಒತ್ತಿದಾಗ ಶಾರ್ಟ್ ಆಗಿ ಫ್ಯೂಸ್ ಹೋಗೇತಿ. ಮುರ್ತುಜಸಾಬ ಅಜ್ಜ ಏನೂ ಮಾಡಿಲ್ಲ.”

ಅಪ್ಪ ವಿಡಿಯೋ ನಿಲ್ಲಿಸಿದ. “ಕಾರಿನ್ಯಾಗ ತಿನಬ್ಯಾಡ ಅಂತ ಎಷ್ಟ್ ಸಲ ಹೇಳೇನಿ!”

ಅಡುಗೆಮನೆಯಿಂದ ಅವ್ವ ಶೈಲಾ ಹೊರಗೆ ಬಂದಳು. “ಆಮ್ಯಾಲೆ ಬೈರಿ. ನಿಮ್ಮ ಸೀಟಿನ ಕೆಳಗ ಶೇಂಗಾ ಸಿಪ್ಪಿ ಬಿದ್ದಾವು. ಅವನ್ನೂ ಅಕೀನ ತಿಂದು ಒಗದಾಳೇನು?”

ಅಪ್ಪ ಸ್ಕ್ರೂಡ್ರೈವರ್ ಹಿಡಿದು ಹೊರಟ.

“ಅದು ಬ್ಯಾಡಪಾ. ಕೈಲೆ ಎಳದ್ರ ಮುಚ್ಚಳ ಬರತೈತಿ. ಮೊದಲ ಚಾವಿ ತಗಿ,” ಎಂದಳು ಪದ್ಮಶ್ರೀ, ಪುಸ್ತಕ ನೋಡುತ್ತ.

ಅಪ್ಪ ಚಾವಿ ತೆಗೆದ. ಸ್ಟೇರಿಂಗಿನ ಬಲಗಡೆಯ ಮುಚ್ಚಳ ಎಳೆದ ಕೂಡಲೇ ಬಂತು. ಒಳಗೆ ಬಣ್ಣಬಣ್ಣದ ಫ್ಯೂಸುಗಳು. ಮುಚ್ಚಳದ ಹಿಂದೆ ಪುಟ್ಟ ಪ್ಲಾಸ್ಟಿಕ್ ಚಿಮಟ, ಪಕ್ಕದಲ್ಲಿ ಎರಡು ಹೊಸ ಫ್ಯೂಸ್. ಅಪ್ಪ ಚಿಮಟದಿಂದ ಸಾಕೆಟ್ಟಿನ ಕಾಗದದ ಉಂಡೆ ತೆಗೆದ. ಅದರ ಒಂದು ಮಗ್ಗಲು ಕರಕಲಾಗಿತ್ತು. ಹದಿನಾಲ್ಕನೇ ನಂಬರಿನ ನೀಲಿ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದ. ಒಳಗಿನ ಸಣ್ಣ ತಂತಿ ತುಂಡಾಗಿತ್ತು. ಅಂಥದೇ ನೀಲಿ ಹೊಸದನ್ನು ಒತ್ತಿದ.

ದೀಪ ಹತ್ತಿತು. ಚಾವಿ ತಿರುಗಿಸಿದರೆ ರೇಡಿಯೋವೂ ಹಾಡಿತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ತಿಮ್ಮಣ್ಣ ಕಾಕಾ ಕಟ್ಟೆಯಿಂದ ಇಳಿದು ಬಂದರು. “ಸರಿ ಆತೇನ್ರಿ ಸರ್? ಏನ್ ಆಗಿತ್ತು?”

ಅಪ್ಪ ಕಾಗದದ ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಿದ. “ಏನಿಲ್ರಿ. ಒಂದ್ ಟೆಕ್ನಿಕಲ್ ಪ್ರಾಬ್ಲೆಮ್. ಹಿಡದಬಿಟ್ಟೆ.”

“ಸಾಯನ್ಸ್ ಅಂದ್ರ ಸಾಯನ್ಸ್ ನೋಡ್ರಿ!” ಎಂದರು ತಿಮ್ಮಣ್ಣ ಕಾಕಾ.

ಪದ್ಮಶ್ರೀ ಅಪ್ಪನ ಮುಂದಿನ ಮಾತಿಗೆ ಕಾದಳು. ಅಪ್ಪ ರೇಡಿಯೋದ ದನಿ ಏರಿಸಿದ.

ಬುಧವಾರ ಮುಂಜಾನೆ ಸಾಲೆಯ ದಾರಿಯಲ್ಲಿ ಮುರ್ತುಜಸಾಬರ ಗ್ಯಾರೇಜು ಬಂತು. ಅಪ್ಪ ಎದುರಿನ ಗಿರಣಿಯ ಬೋರ್ಡನ್ನು, ಹೊಸದಾಗಿ ಓದಲು ಕಲಿತವನಂತೆ, ಓದತೊಡಗಿದ.

“ಗಾಡಿ ನಿಂದ್ರಸಪಾ. ನಾ ಇಳೀತೇನಿ.”

“ಯಾಕ?”

“ಅಜ್ಜಗ ಹೇಳಿ ಬರ್ತೇನಿ. ಕಾಗದ ನಾ ಹಾಕಿದ್ದು ಅಂತ.”

ಕಾರು ನಿಂತಿತು. ಮುರ್ತುಜಸಾಬರು ಒಂದು ಹಳೆಯ ಸ್ಕೂಟರಿನ ಮುಂದೆ ಕೂತಿದ್ದರು. ಶಹರಬಾನು ಒಳಗೆ ಜಡೆ ಹಾಕಿಕೊಳ್ಳುತ್ತಿದ್ದಳು. ಪದ್ಮಶ್ರೀ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಗೆ, “ಭಾಳ ತಪ್ಪಾತ್ರಿ ಅಜ್ಜಾ,” ಎಂದಳು.

ಮುರ್ತುಜಸಾಬರು ಕೈಯ ಎಣ್ಣೆ ಒರೆಸಿಕೊಂಡರು. “ರೇಡಿಯೋ, ದೀಪ ಎಲ್ಲಾ ಕೂಡೇ ಬಂದ್ ಆದ್ರ ಫ್ಯೂಸ್ ಹೋಗಿರತೈತವಾ. ಸರ್ ಕೇಳಿದ್ರ ಫೋನಿನ್ಯಾಗ ಹೇಳ್ತಿದ್ದೆ. ಕೇಳಲಿಲ್ಲ.”

ಹಿಂದೆ ಕಾರಿನ ಬಾಗಿಲು ತೆರೆದ ಸಪ್ಪಳವಾಯಿತು. ಅಪ್ಪ ಬಂದು ನಿಂತ. ಕೆಮ್ಮಿದ. ಗ್ಯಾರೇಜಿನ ತಗಡು ನೋಡಿದ, ನೆಲ ನೋಡಿದ.

“ಸಾಬ್ರ… ನಮ್ಮ ಗಾಡಿ ಹಾರ್ನ್ ಒಂಚೂರು ನೋಡ್ರಿ.”

ಹಾರ್ನಿಗೆ ಏನೂ ಆಗಿರಲಿಲ್ಲ. ಮುರ್ತುಜಸಾಬರು ಏನನ್ನೂ ಕೇಳದೆ ಹೋಗಿ ಒತ್ತಿದರು. ಪೇಂ! ಓಣಿಯ ನಾಯಿ ಎದ್ದು ಕೂತಿತು.

ಅಪ್ಪ ಮೊಬೈಲ್ ತೆಗೆದು ಬಾಯಿಯ ಹತ್ತಿರ ಹಿಡಿದ. “ಎಲ್ಲಾ ಬಂಧುಗಳ ಗಮನಕ್ಕ. ಸೋಮವಾರ ನಾನು ಮುರ್ತುಜಸಾಬ್ರ ಬಗ್ಗೆ ಹೇಳಿದ್ದು…” ಪೇಂ! ಮುರ್ತುಜಸಾಬರು ಹಾರ್ನನ್ನು ಇನ್ನೊಮ್ಮೆ ಒತ್ತಿ ನೋಡಿದ್ದರು; ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಅಪ್ಪ ಅಳಿಸಿದ. ಮತ್ತೆ ಶುರು ಮಾಡಿದ. “ಎಲ್ಲಾ ಬಂಧುಗಳ…” ಈ ಸಲ ಯಾರೂ ಹಾರ್ನ್ ಒತ್ತಿರಲಿಲ್ಲ. ಆದರೂ ಮಾತು ನಿಂತುಬಿಟ್ಟಿತು. ಅಪ್ಪನ ಕಿವಿ ಕೆಂಪಾಗಿತ್ತು.

ಪದ್ಮಶ್ರೀಗೆ ನಗು ಬರಲಿಲ್ಲ. ತಪ್ಪಾಯಿತು ಎಂದು ಹೇಳುವುದು ಎಷ್ಟು ಕಷ್ಟ ಎಂದು ಅವಳಿಗೆ ತಿಳಿದಿತ್ತು. ಅವಳು ಕಾರಿನ ಹತ್ತಿರ ಹೋಗಿ, ಹಾರ್ನಿನ ಮೇಲಿದ್ದ ಮುರ್ತುಜಸಾಬರ ಕೈಯನ್ನು ಮೆಲ್ಲಗೆ ಹಿಡಿದಳು.

“ಅಜ್ಜಾ, ಸ್ವಲ್ಪ ತಡೀರಿ. ನಮ್ಮಪ್ಪ ಹೇಳಾಕತ್ತಾನ.”